ಸೂಜಿಯಂತೆ ಕಂಡದ್ದೆಲ್ಲ ಸೆಲ್ಯುಲೋಸ್ ಅಲ್ಲ

ಬೂದು ಬಣ್ಣದ ಒಂದು ಚಿತ್ರ. ಅದರ ತುಂಬ ಚೆಲ್ಲಿದ ಗುಂಡುಸೂಜಿಗಳ ಹಾಗೆ ಸಣ್ಣ ಸಣ್ಣ ಗೆರೆಗಳು. ಮೂಲೆಯಲ್ಲಿ ಒಂದು ಅಳತೆಪಟ್ಟಿ, ಅದರ ಪಕ್ಕ 200 ನ್ಯಾನೋಮೀಟರ್ ಎಂಬ ಬರಹ. ಕೆಳಗೆ ಒಂದು ಸಾಲು: ‘ಅಡಿಕೆ ಸಿಪ್ಪೆಯಿಂದ ಪಡೆದ ನ್ಯಾನೋಸೆಲ್ಯುಲೋಸ್’. ಅಂದರೆ ಗಿಡದ ನಾರಿನ ಮುಖ್ಯ ವಸ್ತುವಾದ ಸೆಲ್ಯುಲೋಸಿನ ಅತಿ ಸಣ್ಣ ಚೂರುಗಳು.

ಅಡಿಕೆಯ ಜಾಗದಲ್ಲಿ ಕಬ್ಬಿನ ಸಿಪ್ಪೆ, ಬಾಳೆನಾರು, ತೆಂಗಿನ ನಾರು, ಭತ್ತದ ಹುಲ್ಲು, ಏನು ಬೇಕಾದರೂ ಹಾಕಿ. ಚಿತ್ರ ಹೆಚ್ಚುಕಮ್ಮಿ ಹೀಗೇ ಇರುತ್ತದೆ. ಗಿಡದಿಂದ ನ್ಯಾನೋವಸ್ತು ತೆಗೆದೆವು ಎನ್ನುವ ಸಂಶೋಧನಾ ಲೇಖನಗಳು ಈಗ ರಾಶಿ ರಾಶಿ ಬರುತ್ತಿವೆ. ಆ ಚಿತ್ರ ನೋಡಿದಾಗಲೆಲ್ಲ ನನಗೆ ಬರುವುದು ಒಂದೇ ಪ್ರಶ್ನೆ. ಗೆರೆ ಇದೆ, ಸರಿ. ಅದು ಸೆಲ್ಯುಲೋಸ್ ಅಂತ ಯಾರು ಹೇಳಿದರು? ಬೆಳ್ಳಗಿರುವುದೆಲ್ಲ ಹಾಲಲ್ಲ, ಅಲ್ವಾ?

ಇದು ಸುಮ್ನೆ ತಕರಾರು ಅಲ್ಲ. ಎಲೆಕ್ಟ್ರಾನ್ ಮೈಕ್ರೋಸ್ಕೋಪ್ ಆಕಾರ ತೋರಿಸುತ್ತದೆ, ಹೆಸರು ಹೇಳುವುದಿಲ್ಲ. ಸೆಲ್ಯುಲೋಸ್ ಅಂದರೆ ಇಂಗಾಲ, ಜಲಜನಕ, ಆಮ್ಲಜನಕ. ಅದನ್ನು ಇಡುವ ತೆಳು ಪದರವೂ ಬಹಳ ಸಲ ಇಂಗಾಲದ್ದೇ. ಹಾಗಾಗಿ ಎಲೆಕ್ಟ್ರಾನ್ ಕಿರಣಕ್ಕೆ ಎರಡರ ನಡುವೆ ದೊಡ್ಡ ವ್ಯತ್ಯಾಸ ಕಾಣುವುದಿಲ್ಲ. ಅದಕ್ಕೇ ಯುರೇನಿಯಂ ಲವಣದ ಒಂದು ಹನಿ ಹಾಕಿ ‘ಬಣ್ಣ’ ಹಾಕುತ್ತಾರೆ. ಆಗ ಎದ್ದು ಕಾಣುವುದು ನಾರಲ್ಲ, ನಾರಿನ ಸುತ್ತ ನಿಂತ ಲವಣ. ಕೈ ತಪ್ಪಿದರೆ ಆ ಲವಣವೇ ಹರಳುಗಟ್ಟಿ ಚಿತ್ರದೊಳಗೆ ಹೊಸ ಆಕಾರಗಳನ್ನು ಹುಟ್ಟಿಸುತ್ತದೆ.

ಗಿಡದೊಳಗೆ ಸೂಜಿಗಳಿಗೆ ಬರವೂ ಇಲ್ಲ. ಕೆಸುವಿನ ಎಲೆ, ಸುವರ್ಣಗಡ್ಡೆ ಹೆಚ್ಚಿದವರ ಕೈಗೆ ಇದು ಚೆನ್ನಾಗಿ ಗೊತ್ತು. ಆ ತುರಿಕೆಗೆ ಮುಖ್ಯ ಕಾರಣ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿ ಹರಳುಗಳು. ಪತ್ರೊಡೆಗೆ ಹುಣಸೆಹುಳಿ ಧಾರಾಳವಾಗಿ ಹಾಕುವುದು ಬರೀ ರುಚಿಗಲ್ಲ. ಈ ಹರಳುಗಳು ನ್ಯಾನೋ ಅಲ್ಲ, ಮೈಕ್ರೋಮೀಟರ್ ಲೆಕ್ಕದವು. ಆದರೆ ರುಬ್ಬಿದಾಗ ಮುರಿದು ಚೂರಾಗುತ್ತವೆ. ಚೂರಾದ ಮೇಲೆ ಬರೀ ಆಕಾರ ನೋಡಿ ಯಾವುದು ಯಾವುದು ಅಂತ ಹೇಳುವುದು ಕಷ್ಟ. ಹರಳಿನ ಮೇಲೆ ಲೇಸರ್ ಬಿಟ್ಟು ಅದರ ರಾಮನ್ ಸ್ಪೆಕ್ಟ್ರಮ್ ತೆಗೆದರೆ ಮಾತ್ರ ಆಕ್ಸಲೇಟ್ ಕೆಲವೇ ಸೆಕೆಂಡಿನಲ್ಲಿ ಸಿಕ್ಕಿಬೀಳುತ್ತದೆ. 1463 ಮತ್ತು 1490ರ ಹತ್ತಿರ ಅದರ ಎರಡು ಗೆರೆಗಳು ಎದ್ದು ನಿಲ್ಲುತ್ತವೆ. ಸೆಲ್ಯುಲೋಸಿನ ಗುರುತೇ ಬೇರೆ, ಅದು 1095ರ ಹತ್ತಿರ.

ಈ ಅಂಕಿಗಳು ಏನು? ಅಣುವಿನೊಳಗಿನ ಬಂಧಗಳು ಸದಾ ಅಲ್ಲಾಡುತ್ತಿರುತ್ತವೆ. ಇಂಗಾಲ-ಆಮ್ಲಜನಕದ ಬಂಧ ಒಂದು ವೇಗದಲ್ಲಿ, ಇಂಗಾಲದ ಉಂಗುರ ಇನ್ನೊಂದು ವೇಗದಲ್ಲಿ. ಬೆಳಕು ಬಿಟ್ಟರೆ ಆ ಅಲುಗಾಟದ ಲೆಕ್ಕ ಬೆಳಕಿನಲ್ಲಿ ಮೂಡುತ್ತದೆ. ಒಂದು ಸೆಂಟಿಮೀಟರಿಗೆ ಎಷ್ಟು ಅಲೆ ಎಂಬ ಲೆಕ್ಕದಲ್ಲಿ ಅದನ್ನು ಬರೆಯುತ್ತಾರೆ. ಅದೇ ಸ್ಪೆಕ್ಟ್ರಮ್, ನಮ್ಮ ಪಠ್ಯಪುಸ್ತಕದ ‘ರೋಹಿತ’.

ಚಟ್ನಿ ಮತ್ತು ಕೋಸಂಬರಿ

ಸ್ಪೆಕ್ಟ್ರಮ್ ತೆಗೆಯುವುದು ಹೊಸದೇನಲ್ಲ. ಎಫ್‌ಟಿಐಆರ್ ಎಂಬ ಅವಕೆಂಪು ಯಂತ್ರ ರಸಾಯನಶಾಸ್ತ್ರದ ಪ್ರಯೋಗಾಲಯಗಳಲ್ಲಿ ಮಾಮೂಲಿ. ಚಿಟಿಕೆ ಪುಡಿ ಇಟ್ಟರೆ ಕೆಲವು ನಿಮಿಷದಲ್ಲಿ ಗ್ರಾಫ್ ಬರುತ್ತದೆ. ತೊಂದರೆ ಏನೆಂದರೆ ಆ ಪುಡಿಯಲ್ಲಿರುವ ಕೋಟ್ಯಂತರ ಕಣಗಳ ಸರಾಸರಿ ಅದು. ಚಟ್ನಿ ನೆಕ್ಕಿ ನೋಡಿದ ಹಾಗೆ. ತೆಂಗು ಇದೆ, ಮೆಣಸಿನಕಾಯಿ ಇದೆ, ಹುಳಿ ಸ್ವಲ್ಪ ಜಾಸ್ತಿ ಆಯಿತು ಎಂದು ಹೇಳಬಹುದು. ಯಾವ ತುಣುಕಿಗೆ ಯಾವುದು ಅಂಟಿದೆ ಎಂದು ಹೇಳಲಾಗದು. ಅದಕ್ಕೆ ಕೋಸಂಬರಿ ಬೇಕು. ಬೇಳೆ ಬೇಳೆಯಾಗಿ, ಸೌತೆಕಾಯಿ ಸೌತೆಕಾಯಿಯಾಗಿ ಬೇರೆ ಬೇರೆ ಕಾಣಬೇಕು.

ಗಿಡದ ವಸ್ತುವಿನಲ್ಲಿ ಈ ವ್ಯತ್ಯಾಸ ತುಂಬ ದೊಡ್ಡದು. ಅಡಿಕೆ ಸಿಪ್ಪೆಯನ್ನೇ ತೆಗೆದುಕೊಳ್ಳಿ. ನಾರಿನಲ್ಲಿ ಮೂರು ಮುಖ್ಯ ವಸ್ತುಗಳು. ಸೆಲ್ಯುಲೋಸ್ ಅಂದರೆ ಗಟ್ಟಿ ಎಳೆ. ಹೆಮಿಸೆಲ್ಯುಲೋಸ್ ಅದರ ಸುತ್ತಲಿನ ಮೆತ್ತನೆ ಸಕ್ಕರೆ ಸರಪಳಿ. ಲಿಗ್ನಿನ್ ಎಲ್ಲವನ್ನೂ ಹಿಡಿದಿಡುವ ಕಂದು ಗಾರೆ. ನ್ಯಾನೋಸೆಲ್ಯುಲೋಸ್ ಮಾಡುವವರು ಸಾಮಾನ್ಯವಾಗಿ ಮೊದಲು ಕಾಸ್ಟಿಕ್ ಸೋಡಾದಲ್ಲಿ ಕುದಿಸುತ್ತಾರೆ, ಆಮೇಲೆ ಬ್ಲೀಚ್ ಮಾಡುತ್ತಾರೆ. ಕೊನೆಗೆ ಸುಮಾರು 64 ಶೇಕಡ ಸಲ್ಫ್ಯೂರಿಕ್ ಆಮ್ಲ, 45 ಡಿಗ್ರಿ ಬಿಸಿ. ಆಮ್ಲ ಎಳೆಯ ಮೆತ್ತನೆ ಜಾಗಗಳನ್ನು ತಿಂದು ಗಟ್ಟಿ ಹರಳುಗಳನ್ನು ಬಿಡುತ್ತದೆ. 5ರಿಂದ 20 ನ್ಯಾನೋಮೀಟರ್ ಅಗಲ, ನೂರಿನ್ನೂರು ನ್ಯಾನೋಮೀಟರ್ ಉದ್ದ. ಉದ್ದಕ್ಕೆ ಎಳೆದರೆ ಉಕ್ಕಿನ ಹತ್ತಿರದ ಬಿಗಿತ, ತೂಕ ಮಾತ್ರ ಉಕ್ಕಿನ ಐದನೇ ಒಂದು ಪಾಲು. ಈ ಆಮ್ಲದ ದಾರಿ ಹೊಸತಲ್ಲ, ಸ್ವೀಡನ್ನಿನ ಉಪ್ಸಲಾದಲ್ಲಿ 1950ರ ಆಸುಪಾಸಿನಲ್ಲೇ ಮಾಡಿ ನೋಡಿದ್ದರು. ಆಗ ಅದನ್ನು ಯಾರೂ ನ್ಯಾನೋ ಎಂದು ಕರೆದಿರಲಿಲ್ಲ ಅಷ್ಟೆ.

ಕೆಲಸ ಮುಗಿದ ಮೇಲೆ ಎಫ್‌ಟಿಐಆರ್ ಗ್ರಾಫ್ ನೋಡುತ್ತಾರೆ. 1735ರ ಹತ್ತಿರದ ಹೆಮಿಸೆಲ್ಯುಲೋಸ್ ಗುರುತು ಹೋಯಿತು. 1510ರ ಲಿಗ್ನಿನ್ ಗುರುತೂ ಹೋಯಿತು. ‘ಶುದ್ಧ ಸೆಲ್ಯುಲೋಸ್’ ಎಂದು ಬರೆದು ಮುಗಿಸುತ್ತಾರೆ. ಆದರೆ ಗುರುತು ಮಾಯವಾಯಿತು ಎಂದರೆ ಯಂತ್ರಕ್ಕೆ ಕಾಣದಷ್ಟು ಕಡಿಮೆ ಆಯಿತು ಎಂದಷ್ಟೇ ಅರ್ಥ. ಉಳಿದ ಚೂರು ಲಿಗ್ನಿನ್ ಎಲ್ಲ ಕಡೆ ತೆಳ್ಳಗೆ ಹರಡಿದೆಯೋ, ಒಂದೇ ಕಡೆ ಉಂಡೆ ಕಟ್ಟಿದೆಯೋ? ಬಿಸಿ ಮತ್ತು ಆಮ್ಲದಲ್ಲಿ ಲಿಗ್ನಿನ್ ಮೆತ್ತಗಾಗಿ, ಜಾರಿ ಹೊರಬಂದು, ನಾರಿನ ಮೈಮೇಲೆ ಸಣ್ಣ ಹನಿಗಳಾಗಿ ಮತ್ತೆ ಗಟ್ಟಿಯಾಗುವುದು ಗೊತ್ತಿರುವ ಸಂಗತಿ. ಆ ಹನಿಗಳೂ ದುಂಡಗೆ, ನ್ಯಾನೋ ಗಾತ್ರದಲ್ಲೇ ಇರಬಹುದು. ಬರೀ ಚಿತ್ರ ನೋಡಿದವರು ಅದನ್ನೂ ‘ನ್ಯಾನೋಸೆಲ್ಯುಲೋಸ್ ಗೋಲ’ ಎಂದು ಎಣಿಸಿಬಿಟ್ಟರೆ ತಡೆಯುವವರು ಯಾರು?

ಅಂದ ಹಾಗೆ, ಲಿಗ್ನಿನ್ ಉಳಿದರೆ ಅದು ಯಾವಾಗಲೂ ಕೊಳೆಯೇ ಅಲ್ಲ. ಬಿಸಿಲಿನ ಅತಿನೇರಳೆ ಕಿರಣವನ್ನು ಲಿಗ್ನಿನ್ ಹೀರುತ್ತದೆ. ಪೊಟ್ಟಣದ ಹಾಳೆ ಮಾಡುವವರು ಬೇಕೆಂದೇ ಉಳಿಸಿಕೊಳ್ಳುವುದುಂಟು. ಗಾಯದ ಪಟ್ಟಿ ಮಾಡುವವರಿಗೆ ಬೇಡ. ಇಬ್ಬರಿಗೂ ಬೇಕಾದದ್ದು ಎಷ್ಟಿದೆ, ಎಲ್ಲಿದೆ ಎಂಬ ಲೆಕ್ಕ.

ರಾಮನ್ ದಾರಿ

ಮೈಕ್ರೋಸ್ಕೋಪಿಗೆ ಸ್ಪೆಕ್ಟ್ರೋಸ್ಕೋಪ್ ಜೋಡಿಸುವುದು ಇಲ್ಲಿ ಬರುತ್ತದೆ. ಮೊದಲು ನೋಡು, ನೋಡಿದ ಜಾಗದಲ್ಲೇ ಕೇಳು. ಇದರಲ್ಲಿ ನಮಗೆ ಹತ್ತಿರದ್ದು ರಾಮನ್ ಮೈಕ್ರೋಸ್ಕೋಪ್.

1928ರ ಫೆಬ್ರವರಿ 28ರಂದು ಕಲ್ಕತ್ತದಲ್ಲಿ ಸಿ.ವಿ. ರಾಮನ್ ಕಂಡದ್ದು ಇದನ್ನೇ. ವಸ್ತುವಿನ ಮೇಲೆ ಬಿದ್ದು ಚದುರುವ ಬೆಳಕಿನಲ್ಲಿ ಒಂದು ಸಣ್ಣ ಪಾಲು ಬಣ್ಣ ಬದಲಿಸಿ ಬರುತ್ತದೆ. ಆ ಬದಲಾವಣೆಯಲ್ಲೇ ಅಣುವಿನ ವಿಳಾಸ ಇರುತ್ತದೆ. ಆ ಪಾಲು ಎಷ್ಟು ಸಣ್ಣದೆಂದರೆ ಸುಮಾರು ಒಂದು ಕೋಟಿ ಬೆಳಕಿನ ಕಣಗಳಲ್ಲಿ ಒಂದು. ಆಗ ಲೇಸರ್ ಇರಲಿಲ್ಲ. ಮೊದಲ ಪ್ರಯೋಗಗಳು ಸೂರ್ಯನ ಬೆಳಕು, ಬಣ್ಣದ ಗಾಜುಗಳು ಮತ್ತು ಬರಿಗಣ್ಣಿನಲ್ಲಿ ನಡೆದವು. 1933ರಲ್ಲಿ ಬೆಂಗಳೂರಿಗೆ ಬಂದ ರಾಮನ್ ಕೊನೆಯವರೆಗೂ ಇಲ್ಲೇ ಉಳಿದರು. 1960ರ ದಶಕದಲ್ಲಿ ಅವರು ಹೂಗಳ ಬಣ್ಣದ ಹಿಂದೆ ಬಿದ್ದು, ಸ್ಪೆಕ್ಟ್ರೋಸ್ಕೋಪಿನಲ್ಲಿ ಎಸಳುಗಳನ್ನು ಪರೀಕ್ಷಿಸಿ ಲೇಖನಗಳನ್ನು ಬರೆದರು. ಗಿಡ ಮತ್ತು ಸ್ಪೆಕ್ಟ್ರಮ್, ಈ ಜೋಡಿ ನಮ್ಮೂರಿಗೆ ಹೊಸದಲ್ಲ.

ಗಿಡದ ಗೋಡೆಗೆ ರಾಮನ್ ಮೈಕ್ರೋಸ್ಕೋಪ್ ಹಿಡಿದ ಹೆಸರಾಂತ ಕೆಲಸ 1985ರದ್ದು. ಅಮೆರಿಕದ ವಿಸ್ಕಾನ್ಸಿನ್ನಿನಲ್ಲಿ ರಾಜಾಯಿ ಅಟಲ್ಲಾ ಮತ್ತು ಉಮೇಶ್ ಅಗರ್ವಾಲ್ ಸ್ಪ್ರೂಸ್ ಮರದ ತೆಳು ಹೋಳನ್ನು ಪರೀಕ್ಷಿಸಿದರು. ಲಿಗ್ನಿನ್ ಅಡ್ಡಾದಿಡ್ಡಿ ತುಂಬಿದ ಗಾರೆ ಎಂದು ಎಲ್ಲರೂ ಅಂದುಕೊಂಡಿದ್ದರು. ಅದರ ಉಂಗುರಗಳಿಗೂ ಒಂದು ದಿಕ್ಕು ಇದೆ ಎಂದು ಇವರು ತೋರಿಸಿದರು. ಪುಡಿ ಮಾಡಿ ಅಳೆದಿದ್ದರೆ ಆ ದಿಕ್ಕು ಪುಡಿಯ ಜೊತೆಗೇ ಕಳೆದುಹೋಗುತ್ತಿತ್ತು.

ರಾಮನ್ ಮೈಕ್ರೋಸ್ಕೋಪಿಗೆ ಇನ್ನೊಂದು ಅನುಕೂಲ ಇದೆ. ನೀರು ಅದಕ್ಕೆ ಅಷ್ಟಾಗಿ ಅಡ್ಡಿ ಬರುವುದಿಲ್ಲ. ನ್ಯಾನೋಸೆಲ್ಯುಲೋಸ್ ಪ್ರಯೋಗಾಲಯದಲ್ಲಿ ಹೆಚ್ಚಾಗಿ ಇರುವುದು ಗಂಜಿಯ ರೂಪದಲ್ಲಿ. ಬಹುಪಾಲು ನೀರೇ. ಅವಕೆಂಪು ಬೆಳಕನ್ನು ನೀರು ಗಟಗಟ ಕುಡಿದುಬಿಡುತ್ತದೆ, ಹಾಗಾಗಿ ಅಲ್ಲಿ ಸಾಮಾನ್ಯವಾಗಿ ಒಣಗಿಸಬೇಕಾಗುತ್ತದೆ. ಒಣಗಿಸಿದರೆ ಎಳೆಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ, ಮತ್ತೆ ನೆನೆಸಿದರೂ ಪೂರ್ತಿ ಬಿಡುವುದಿಲ್ಲ. ಅಳೆಯಲು ಹೋಗಿ ವಸ್ತುವನ್ನೇ ಬದಲಿಸಿದ ಹಾಗೆ.

ಇಷ್ಟೆಲ್ಲ ಹೊಗಳಿದ ಮೇಲೆ ಅದರ ಕಾಟವನ್ನೂ ಹೇಳಬೇಕು. ಕಾಟದ ಹೆಸರು ಹೊಳಪು. ಲಿಗ್ನಿನ್ ಮೇಲೆ 532 ನ್ಯಾನೋಮೀಟರಿನ ಹಸಿರು ಲೇಸರ್ ಬಿಟ್ಟರೆ ಅದು ತಾನೇ ಬೆಳಗತೊಡಗುತ್ತದೆ. ಕೋಟಿಗೊಂದು ಬರುವ ರಾಮನ್ ಬೆಳಕು ಆ ಹೊಳಪಿನಲ್ಲಿ ಮುಳುಗಿಹೋಗುತ್ತದೆ. ಜಾತ್ರೆಯ ಧ್ವನಿವರ್ಧಕದ ಪಕ್ಕ ಪಿಸುಮಾತು ಕೇಳಿಸಿಕೊಂಡ ಹಾಗೆ. ಪರಿಹಾರ ಇದೆ. 785 ಅಥವಾ 1064 ನ್ಯಾನೋಮೀಟರಿನ ಲೇಸರ್ ಬಳಸಿದರೆ ಹೊಳಪು ತಗ್ಗುತ್ತದೆ. ಆದರೆ ತರಂಗದೂರ ಎರಡು ಪಟ್ಟಾದರೆ ರಾಮನ್ ಬೆಳಕು ಹದಿನಾರನೇ ಒಂದು ಭಾಗಕ್ಕೆ ಇಳಿಯುತ್ತದೆ. 532ರಿಂದ 1064ಕ್ಕೆ ಹೋದವರು ತೆರುವ ಬೆಲೆ ಅದು. ಬೆಳಕು ಸಾಲದು ಎಂದು ಲೇಸರಿನ ಬಲ ಏರಿಸುತ್ತಾರೆ. ಏರಿಸಿದರೆ ಮಾದರಿ ಸುಡುತ್ತದೆ.

ಸುಟ್ಟ ಮೇಲೆ ನಡೆಯುವುದೇ ನನಗೆ ದಿಗಿಲು ಹುಟ್ಟಿಸುವ ಭಾಗ. ಸುಟ್ಟ ಗಿಡ ಅಂದರೆ ಇದ್ದಿಲು. ಇದ್ದಿಲಿಗೆ ತನ್ನದೇ ರಾಮನ್ ಗುರುತು ಇದೆ, 1350 ಮತ್ತು 1580ರ ಹತ್ತಿರ ಎರಡು ಅಗಲವಾದ ಗುಡ್ಡಗಳು. ಸ್ವಲ್ಪ ಕಪ್ಪು ಬಣ್ಣದ ಮಾದರಿಯಾದರೆ ಲೇಸರಿನ ಬಿಂದುವಿನಡಿ ಕಣ್ಣಿಗೆ ಕಾಣದ ಹಾಗೆ ಸುಟ್ಟುಹೋಗಿರುತ್ತದೆ. ಗ್ರಾಫ್ ನೋಡಿದವರು ‘ನಮ್ಮ ಎಲೆಯಿಂದ ಗ್ರಾಫೀನ್ ಥರದ ಇಂಗಾಲ ಬಂತು’ ಎಂದು ಸಂಭ್ರಮ ಪಡುವ ಅಪಾಯ ಇದೆ. ಅದನ್ನು ಮಾಡಿದ್ದು ಎಲೆಯಲ್ಲ, ಲೇಸರ್. ಅಳತೆಗೆ ಮುಂಚೆ ಮತ್ತು ಆಮೇಲೆ ಅದೇ ಜಾಗದ ಫೋಟೋ ತೆಗೆದಿಟ್ಟರೆ ಸಾಕು, ಗುಟ್ಟು ರಟ್ಟಾಗುತ್ತದೆ. ಇದಕ್ಕೆ ದುಡ್ಡೇನೂ ಬೇಕಿಲ್ಲ.

ಬೆಳಕಿನ ದಪ್ಪ ಬೆರಳು

ಇನ್ನೊಂದು ಮಿತಿ ಇದೆ. ಅದು ಯಂತ್ರದ್ದಲ್ಲ, ಬೆಳಕಿನದ್ದೇ. 1873ರಲ್ಲಿ ಜರ್ಮನಿಯ ಅರ್ನ್ಸ್ಟ್ ಅಬ್ಬೆ ಹೇಳಿದ ಮಾತು: ತರಂಗದೂರದ ಸುಮಾರು ಅರ್ಧಕ್ಕಿಂತ ಸಣ್ಣದನ್ನು ಬೆಳಕಿನ ಮೈಕ್ರೋಸ್ಕೋಪ್ ಬೇರೆ ಬೇರೆಯಾಗಿ ತೋರಿಸಲಾರದು. ಹಸಿರು ಲೇಸರಿಗೆ ಅದು ಒಳ್ಳೆಯ ಲೆನ್ಸಿನಲ್ಲೂ ಸುಮಾರು 300 ನ್ಯಾನೋಮೀಟರ್. ನಮ್ಮ ಹರಳಿನ ಅಗಲ ಹತ್ತು. ಅಂದರೆ ಒಂದು ಲೇಸರ್ ಬಿಂದುವಿನಡಿ ನೂರಾರು ಹರಳುಗಳು ಒಟ್ಟಿಗೆ ಸಿಗುತ್ತವೆ. ಅವಕೆಂಪಿನ ಪಾಡು ಇನ್ನೂ ಕಷ್ಟ. 1030ರ ಸೆಲ್ಯುಲೋಸ್ ಗುರುತಿನ ಬೆಳಕಿಗೆ ತರಂಗದೂರ 9.7 ಮೈಕ್ರೋಮೀಟರ್. ದಪ್ಪ ಬೆರಳಿನಲ್ಲಿ ರಾಗಿ ಕಾಳು ಎಣಿಸಿದ ಹಾಗೆ.

ಇದರಿಂದ ತಪ್ಪಿಸಿಕೊಳ್ಳುವ ದಾರಿಯನ್ನು ಪ್ಯಾರಿಸ್ ಹತ್ತಿರದ ಓರ್ಸೆಯಲ್ಲಿ ಅಲೆಕ್ಸಾಂಡ್ರ್ ದಾಜಿ ಮತ್ತು ಜೊತೆಗಾರರು 2005ರಲ್ಲಿ ತೋರಿಸಿದರು. ಉಪಾಯ ಚೆಂದ ಇದೆ. ಬೆಳಕನ್ನು ಬೆಳಕಿನಿಂದ ಅಳೆಯಬೇಡಿ, ಉಬ್ಬಿನಿಂದ ಅಳೆಯಿರಿ. ಎಎಫ್‌ಎಂ ಎಂಬ ಮೈಕ್ರೋಸ್ಕೋಪಿನಲ್ಲಿ ತುಂಬ ಚೂಪಾದ ಒಂದು ಮುಳ್ಳು ವಸ್ತುವಿನ ಮೈ ಸವರುತ್ತಾ ಹೋಗುತ್ತದೆ. ಕಣ್ಣು ಕಾಣದವರು ಬೆರಳಿನಿಂದ ಬ್ರೈಲ್ ಓದುವ ಹಾಗೆ. ದಾಜಿ ತಂಡ ಇದಕ್ಕೆ ಅವಕೆಂಪು ಲೇಸರಿನ ಮಿಡಿತಗಳನ್ನು ಸೇರಿಸಿತು. ವಸ್ತು ಆ ಬಣ್ಣವನ್ನು ಹೀರಿದರೆ ಅಲ್ಲಿ ಚೂರು ಬಿಸಿಯಾಗುತ್ತದೆ. ಬಿಸಿಯಾದದ್ದು ಉಬ್ಬುತ್ತದೆ. ಉಬ್ಬಿದ್ದು ಮುಳ್ಳನ್ನು ಒದೆಯುತ್ತದೆ. ಹೀರದಿದ್ದರೆ ಒದೆತ ಇಲ್ಲ. ಲೇಸರಿನ ಬಣ್ಣ ಬದಲಿಸುತ್ತಾ ಒದೆತ ಬರೆದುಕೊಂಡರೆ ಅದೇ ಸ್ಪೆಕ್ಟ್ರಮ್. ಬೆಳಕಿನ ಬಿಂದು ಎಷ್ಟೇ ದೊಡ್ಡದಿರಲಿ, ಒದೆತ ತಿಳಿಯುವುದು ಮುಳ್ಳಿನ ತುದಿ ಇರುವ ಕಡೆ ಮಾತ್ರ. ಹಾಗಾಗಿ ಹತ್ತಾರು ನ್ಯಾನೋಮೀಟರಿನ ಜಾಗವನ್ನೂ ‘ನೀನು ಯಾರು’ ಎಂದು ಕೇಳಬಹುದು. ಎಎಫ್‌ಎಂ-ಐಆರ್ ಎಂದು ಇದರ ಹೆಸರು.

ಲೇಸರನ್ನು 1510ರಲ್ಲಿ ನಿಲ್ಲಿಸಿ ಮುಳ್ಳನ್ನು ಓಡಾಡಿಸಿದರೆ ಲಿಗ್ನಿನ್ ಇರುವ ಕಡೆ ಮಾತ್ರ ಚಿತ್ರ ಬೆಳಗುತ್ತದೆ. 1735ರಲ್ಲಿ ನಿಲ್ಲಿಸಿದರೆ ಹೆಮಿಸೆಲ್ಯುಲೋಸಿನ ಸರದಿ. ಆ ದುಂಡನೆಯ ಹನಿಗಳು ಸೆಲ್ಯುಲೋಸೋ ಲಿಗ್ನಿನ್ನೋ ಎಂಬ ಜಗಳಕ್ಕೆ ಇಲ್ಲಿ ನ್ಯಾಯ ಸಿಗುತ್ತದೆ.

ಆದರೆ ಮುಳ್ಳೂ ಸುಳ್ಳು ಹೇಳಬಹುದು. ಮೆತ್ತನೆಯ ಜಾಗ ಮತ್ತು ಗಟ್ಟಿ ಜಾಗ ಒಂದೇ ಥರ ಒದೆಯುವುದಿಲ್ಲ. ಒದೆತ ಜೋರಾಗಿದೆ ಎಂದರೆ ವಸ್ತು ಜಾಸ್ತಿ ಇದೆ ಎಂದೇ ಅಲ್ಲ. ಇನ್ನೊಂದು ಕಾಟ ನಗು ತರಿಸುವಂಥದ್ದು. ಈ ಮುಳ್ಳುಗಳು ಕೆಲವೊಮ್ಮೆ ಅಂಟಂಟು ಸಿಲಿಕೋನ್ ಜೆಲ್ ಹಾಸಿದ ಡಬ್ಬಿಯಲ್ಲಿ ಬರುತ್ತವೆ. ಆ ಸಿಲಿಕೋನ್ ಮುಳ್ಳಿಗೆ ಮೆತ್ತಿಕೊಂಡು ಸ್ಪೆಕ್ಟ್ರಮ್ಮಿನಲ್ಲಿ 1260ರ ಹತ್ತಿರ ಮುಖ ತೋರಿಸುತ್ತದೆ. ಅದರ ಇನ್ನೊಂದು ಗುರುತು 1000ದಿಂದ 1100ರ ನಡುವೆ. ಸೆಲ್ಯುಲೋಸಿನ ದೊಡ್ಡ ಗುರುತು ಇರುವುದೂ ಅಲ್ಲೇ. 1260ನ್ನು ಗಮನಿಸದವರು ಡಬ್ಬಿಯ ಜೆಲ್ಲನ್ನು ಅಳೆದು ಸೆಲ್ಯುಲೋಸ್ ಎಂದು ಬರೆಯಬಹುದು.

ಮುಳ್ಳಿಗೆ ಬೆಳ್ಳಿಯೋ ಚಿನ್ನವೋ ಲೇಪಿಸಿ ರಾಮನ್ ಬೆಳಕನ್ನು ತುದಿಯಲ್ಲೇ ಹಿಗ್ಗಿಸುವ ವಿಧಾನವೂ 2000ದಿಂದ ಇದೆ. ಕೈ ಕುದುರಿದರೆ ಅದ್ಭುತ, ಇಲ್ಲದಿದ್ದರೆ ವಾರಗಟ್ಟಲೆ ಬರೀ ತುದಿ ಬದಲಿಸುವುದೇ ಕೆಲಸ. ಎಲೆಕ್ಟ್ರಾನ್ ಮೈಕ್ರೋಸ್ಕೋಪಿನೊಳಗೇ ಸ್ಪೆಕ್ಟ್ರಮ್ ತೆಗೆಯಬಹುದು, ಆದರೆ ಸೆಲ್ಯುಲೋಸ್ ಆ ಕಿರಣದಡಿ ನೋಡನೋಡುತ್ತಲೇ ಹಾಳಾಗುತ್ತದೆ. ಅಲ್ಲಿ ಸುಲಭವಾಗಿ ಸಿಗುವ ಇಡಿಎಸ್ ಎಂಬ ಎಕ್ಸ್-ಕಿರಣದ ಪರೀಕ್ಷೆ ಯಾವ ಧಾತು ಇದೆ ಎಂದಷ್ಟೇ ಹೇಳುತ್ತದೆ. ಸೆಲ್ಯುಲೋಸ್, ಲಿಗ್ನಿನ್ ಎರಡರಲ್ಲೂ ಇಂಗಾಲ, ಆಮ್ಲಜನಕವೇ. ‘ಇಡಿಎಸ್‌ನಲ್ಲಿ ಇಂಗಾಲ ಮತ್ತು ಆಮ್ಲಜನಕ ಕಂಡಿತು, ಆದ್ದರಿಂದ ಸೆಲ್ಯುಲೋಸ್’ ಎಂಬ ವಾಕ್ಯಕ್ಕೆ ಬೆಲೆಯೇ ಇಲ್ಲ. ಭತ್ತದ ಹೊಟ್ಟಿನ ಸಿಲಿಕಾ ಹುಡುಕಲು, ಆಮ್ಲದಿಂದ ಅಂಟಿಕೊಂಡ ಗಂಧಕ ನೋಡಲು ಮಾತ್ರ ಅದು ಒಳ್ಳೆಯ ಸಾಧನ.

ಬೇವಿನೆಲೆಯ ಬೆಳ್ಳಿ

ಗಿಡದ ನ್ಯಾನೋ ಎಂದ ಕೂಡಲೇ ನಮ್ಮ ಕಾಲೇಜುಗಳಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಸೆಲ್ಯುಲೋಸ್ ಅಲ್ಲ, ಎಲೆ ಕಷಾಯದ ಬೆಳ್ಳಿ. 2004ರಲ್ಲಿ ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದ ತಂಡ ಬೇವಿನೆಲೆಯ ಸಾರಿನಿಂದ ಬೆಳ್ಳಿ, ಚಿನ್ನದ ನ್ಯಾನೋಕಣಗಳನ್ನು ಮಾಡಿ ತೋರಿಸಿತು. ಆಮೇಲೆ ತುಳಸಿ, ನುಗ್ಗೆ, ಕರಿಬೇವು, ಅಲೋವೆರಾ, ಊರಿನಲ್ಲಿ ಬೆಳೆಯುವ ಒಂದು ಎಲೆಯನ್ನೂ ಬಿಟ್ಟಿಲ್ಲ. ಪ್ರಯೋಗ ಸುಲಭ. ಎಲೆ ಕುದಿಸಿ, ಸೋಸಿ, ಸಿಲ್ವರ್ ನೈಟ್ರೇಟ್ ಸೇರಿಸಿದರೆ ದ್ರಾವಣ ಕಂದು ಬಣ್ಣಕ್ಕೆ ತಿರುಗುತ್ತದೆ. ಮಕ್ಕಳಿಗೆ ಮಾಡಿ ತೋರಿಸಲು ಇದಕ್ಕಿಂತ ಚೆಂದದ್ದು ಇಲ್ಲ.

ಕಷ್ಟ ಇರುವುದು ಅಂಥ ಲೇಖನಗಳ ಕೊನೆಯ ಪ್ಯಾರಾದಲ್ಲಿ. ಎಫ್‌ಟಿಐಆರ್ ಗ್ರಾಫಿನಲ್ಲಿ 3400ರ ಹತ್ತಿರ ಗುರುತು ಇದೆ, 1630ರ ಹತ್ತಿರ ಇದೆ, ಆದ್ದರಿಂದ ಎಲೆಯಲ್ಲಿರುವ ಫ್ಲೇವನಾಯ್ಡು ಎಂಬ ರಾಸಾಯನಿಕಗಳು ಬೆಳ್ಳಿಯನ್ನು ಸುತ್ತುವರಿದಿವೆ ಎಂದು ಬರೆದುಬಿಡುತ್ತಾರೆ. ಅಯ್ಯೋ, ಒದ್ದೆ ಕಾಗದ ಇಟ್ಟರೂ ಆ ಎರಡು ಗುರುತು ಬರುತ್ತದೆ. ನೀರಿನ ಗುರುತುಗಳು ಇರುವುದೂ ಅಲ್ಲೇ ತಾನೇ. ಸರಿಯಾಗಿ ತೊಳೆಯದ ಪುಡಿಯಲ್ಲಿ ಕಣಕ್ಕೆ ಅಂಟಿದ್ದು ಯಾವುದು, ಪಕ್ಕದಲ್ಲಿ ಒಣಗಿ ಬಿದ್ದ ಕಷಾಯ ಯಾವುದು ಎಂದು ಆ ಗ್ರಾಫ್ ಹೇಳಲಾರದು.

ಇನ್ನೊಂದು ಗುಟ್ಟು ಎಲೆಯ ಕ್ಲೋರೈಡ್. ಸಿಲ್ವರ್ ನೈಟ್ರೇಟ್ ಅದಕ್ಕೆ ಸಿಕ್ಕಿದ ಕೂಡಲೇ ಸಿಲ್ವರ್ ಕ್ಲೋರೈಡ್ ಕೂರುತ್ತದೆ, ಪಿಯುಸಿಯ ಲವಣ ಪರೀಕ್ಷೆ ಮಾಡಿದವರೆಲ್ಲ ನೋಡಿದ್ದಾರೆ. ಹಾಗಾಗಿ ‘ಬೆಳ್ಳಿ ಕಣ’ ಎಂದು ಕರೆದದ್ದರಲ್ಲಿ ಒಂದು ಪಾಲು ಕ್ಲೋರೈಡ್ ಇರಬಹುದು. ಕಣ ಕಣವಾಗಿ ಇಡಿಎಸ್ ನಕ್ಷೆ ತೆಗೆದರೆ ಬೆಳ್ಳಿಯ ಜೊತೆ ಕ್ಲೋರಿನ್ ಎಲ್ಲಿ ಕೂತಿದೆ ಎಂದು ಕಾಣುತ್ತದೆ. ಸೆಲ್ಯುಲೋಸಿಗೆ ಕೈಕೊಟ್ಟ ಯಂತ್ರ ಇಲ್ಲಿ ಸರಿಯಾಗಿ ಕೆಲಸಕ್ಕೆ ಬರುತ್ತದೆ. ಬ್ಯಾಕ್ಟೀರಿಯಾ ಕೊಲ್ಲುವುದು ಮುಖ್ಯವಾಗಿ ಕರಗಿ ಬರುವ ಬೆಳ್ಳಿ ಅಯಾನು. ಲೋಹ ಮತ್ತು ಕ್ಲೋರೈಡ್ ಒಂದೇ ರೀತಿ ಕರಗುವುದಿಲ್ಲ. ಹಾಗಾಗಿ ಇದನ್ನು ಬಿಟ್ಟು ‘ನಮ್ಮ ಎಲೆಯ ಬೆಳ್ಳಿ ಇಷ್ಟು ಚೆನ್ನಾಗಿ ಕೊಲ್ಲುತ್ತದೆ’ ಎಂದರೆ ಆ ಮಾತಿಗೆ ತಳ ಇಲ್ಲ.

ಬೆಳ್ಳಿಗೆ ಒಂದು ವಿಶೇಷ ಗುಣವೂ ಇದೆ. ತನ್ನ ಮೈಗೆ ಅಂಟಿದ ಅಣುವಿನ ರಾಮನ್ ಬೆಳಕನ್ನು ಅದು ಲಕ್ಷಗಟ್ಟಲೆ ಪಟ್ಟು ಹಿಗ್ಗಿಸಬಲ್ಲದು. 1970ರ ದಶಕದಿಂದಲೇ ಗೊತ್ತಿರುವ ವಿಷಯ. ಅಂದರೆ ಎಲೆಯಿಂದ ಮಾಡಿದ ಬೆಳ್ಳಿ ಕಣ ತನ್ನ ಮೈಮೇಲೆ ಯಾರಿದ್ದಾರೆ ಎಂದು ತಾನೇ ಹೇಳಬಲ್ಲದು, ಕೇಳುವವರು ಬೇಕು ಅಷ್ಟೆ. ಅಲ್ಲೂ ಒಂದು ಎಚ್ಚರ ಬೇಕು: ಚೆನ್ನಾಗಿ ಅಂಟಿದ ಅಣು ಚೂರೇ ಇದ್ದರೂ ಕೂಗಾಡುತ್ತದೆ, ಅಂಟದ್ದು ರಾಶಿ ಇದ್ದರೂ ಸುಮ್ಮನಿರುತ್ತದೆ.

ಯಂತ್ರ ಮತ್ತು ಚೀಲ

ಇಂಥ ಯಂತ್ರಗಳ ಬೆಲೆ ಕೋಟಿಗಳಲ್ಲಿ. ಜಿಲ್ಲಾ ಕೇಂದ್ರದ ಕಾಲೇಜಿಗೆ ಅದನ್ನು ಕೊಳ್ಳಿ ಎನ್ನುವುದು ತಮಾಷೆ. 2020ರ ಜನವರಿಯಲ್ಲಿ ಬೆಂಗಳೂರಿನ ವಿಜ್ಞಾನ ಕಾಂಗ್ರೆಸ್ಸಿನಲ್ಲಿ ಶುರುವಾದ ಐ-ಸ್ಟೆಮ್ ಜಾಲತಾಣದಲ್ಲಿ ದೇಶದ ಸಂಸ್ಥೆಗಳ ಉಪಕರಣಗಳನ್ನು ಹುಡುಕಿ, ಶುಲ್ಕ ಕೊಟ್ಟು ಸಮಯ ಕಾದಿರಿಸಬಹುದು. ಒಳ್ಳೆಯ ಏರ್ಪಾಡು. ಆದರೆ ಮಾದರಿ ಕಳಿಸಿ ಗ್ರಾಫ್ ತರಿಸಿಕೊಂಡರೆ ಸಾಲದು. ಆ ಗ್ರಾಫ್ ಯಾವ ಜಾಗದ್ದು, ಲೇಸರಿನ ಬಲ ಎಷ್ಟಿತ್ತು, ಎಷ್ಟು ಜಾಗ ನೋಡಿದರು ಎಂದು ಕೇಳಬೇಕು. ಹತ್ತು ನ್ಯಾನೋಮೀಟರ್ ದಪ್ಪ, ಇನ್ನೂರು ಉದ್ದದ ಹರಳುಗಳಾದರೆ ಒಂದು ಗ್ರಾಂನಲ್ಲಿ ಸುಮಾರು ಮೂವತ್ತು ಸಾವಿರ ಲಕ್ಷ ಕೋಟಿ ಇರುತ್ತವೆ. ಅದರಲ್ಲಿ ಹತ್ತನ್ನು ಮುಟ್ಟಿ ಬಂದು ಇಡೀ ಚೀಲದ ಜಾತಕ ಬರೆಯುವುದು ಹೇಗೆ? ಹಾಗಾಗಿ ಎಫ್‌ಟಿಐಆರ್ ಕೂಡ ಬೇಕು, ರಾಮನ್ ನಕ್ಷೆಯೂ ಬೇಕು, ಮುಳ್ಳೂ ಬೇಕು. ಚಟ್ನಿಯ ರುಚಿ ಮತ್ತು ಕೋಸಂಬರಿಯ ನೋಟ ಒಂದಕ್ಕೊಂದು ತಾಳೆಯಾಗಬೇಕು. ತಾಳೆಯಾಗದಿದ್ದರೆ ಸಂಶೋಧನೆ ಶುರುವಾಗುವುದು ಅಲ್ಲಿಂದಲೇ.

ಇನ್ನು ಚೀಲದ ವಿಷಯ. ಅಡಿಕೆ ಬೆಳೆಯುವವರಿಗೆ ‘ಅಡಿಕೆ ಸಿಪ್ಪೆ’ ಅನ್ನುವುದು ಒಂದೇ ವಸ್ತುವಲ್ಲ. ಮಲೆನಾಡಿನಲ್ಲಿ ಕೆಂಪಡಿಕೆ ಮಾಡುವವರು ಹಸಿರು ಕಾಯಿಯನ್ನೇ ಕೊಯ್ದು, ಸುಲಿದು ಬೇಯಿಸುತ್ತಾರೆ. ಅಲ್ಲಿ ಸಿಗುವುದು ಎಳೆ ಸಿಪ್ಪೆ. ಕರಾವಳಿಯಲ್ಲಿ ಚಾಲಿ ಮಾಡುವವರು ಹಣ್ಣಾದ ಅಡಿಕೆಯನ್ನು ಅಂಗಳದಲ್ಲಿ ತಿಂಗಳಿಗೂ ಹೆಚ್ಚು ಕಾಲ ಒಣಗಿಸಿ ಆಮೇಲೆ ಸುಲಿಯುತ್ತಾರೆ. ಅದು ಬಲಿತು ಒಣಗಿದ ನಾರು. ಬಲಿತಷ್ಟೂ ನಾರಿನಲ್ಲಿ ಲಿಗ್ನಿನ್ ಜಾಸ್ತಿ. ಎರಡಕ್ಕೂ ಒಂದೇ ಹೊತ್ತು ಸೋಡಾ, ಒಂದೇ ಹೊತ್ತು ಬ್ಲೀಚ್ ಹಾಕಿದರೆ ಕೊನೆಗೆ ಸಿಗುವ ಹರಳೂ ಒಂದೇ ಥರ ಇರುವುದಿಲ್ಲ. ಎಎಫ್‌ಎಂ-ಐಆರ್ ಮುಳ್ಳು ಹತ್ತಾರು ನ್ಯಾನೋಮೀಟರಿನ ವ್ಯತ್ಯಾಸ ಹಿಡಿಯುತ್ತದೆ. ಅದೇ ಲೇಖನದ ಮೊದಲ ಪುಟದಲ್ಲಿ ಮಾದರಿ ಎಲ್ಲಿಂದ ಬಂತು ಎಂಬ ಜಾಗಕ್ಕೆ ಬಂದರೆ ಬಹಳ ಸಲ ಇರುವುದು ಇಷ್ಟೇ: ‘ಸ್ಥಳೀಯವಾಗಿ ಸಂಗ್ರಹಿಸಲಾಯಿತು’.